ಹಾಡಿಲ್ಲದ ಚಿತ್ರದ ಉಳಿವು: ‘ತರ್ಕ’ ಮತ್ತು ಗೃಹವೀಡಿಯೊ

ಸುನೀಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ ‘ತರ್ಕ’ (1989) ಹಾಡುಗಳಿಲ್ಲದ ರಹಸ್ಯಕಥೆ. 1990ರಲ್ಲಿ ಅದು ‘ಪುರಿಯಾದ ಪುದಿರ್’ ಎಂದು ತಮಿಳಿಗೂ ಹೋಯಿತು. ಕನ್ನಡದ ಹಳೆಯ ಚಿತ್ರಗಳು ಬಹುಮಟ್ಟಿಗೆ ಆಕಾಶವಾಣಿ ಮತ್ತು ಕ್ಯಾಸೆಟ್ಟುಗಳ ಹಾಡಿನಿಂದ ಜನಮನದಲ್ಲಿ ಉಳಿದವು. ‘ತರ್ಕ’ಕ್ಕೆ ಆ ಆಸರೆಯಿಲ್ಲ, ಬಿಂಬ ಮಸುಕಾದರೆ ಚಿತ್ರವೇ ಮಸುಕಾದಂತೆ.

ನಾಡಿನ ಹೊರಗಿರುವ ಸಂಶೋಧಕರಿಗೆ ಇಂಥ ಚಿತ್ರಗಳು ದೊರೆತದ್ದು ಹೆಚ್ಚಾಗಿ ವಿ.ಸಿ.ಡಿ. ರೂಪದಲ್ಲಿ. ಪಾಲ್ ಪದ್ಧತಿಯ ವಿ.ಸಿ.ಡಿ. ಬಿಂಬ ಕೇವಲ 352×288 ಬಿಂದುಗಳದು. ಒಂದು ಡಿಸ್ಕ್ ಹಿಡಿಸಿಕೊಳ್ಳುವುದು ಸುಮಾರು 74 ನಿಮಿಷ. ಕುಟುಂಬಕಥೆಗೆ ಇದರಿಂದಾಗುವ ನಷ್ಟ ಅಲ್ಪ. ರಹಸ್ಯಚಿತ್ರದಲ್ಲಾದರೋ ನೆರಳಿನಲ್ಲಿ ಏನಿದೆ, ಏನಿಲ್ಲ ಎಂಬುದೇ ಸಾಕ್ಷ್ಯ. ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’ (1985) ಚಿತ್ರದಲ್ಲಿ ಬೀದಿಬದಿಯಲ್ಲಿ ಮಲಗಿದವರ ಮೇಲೆ ಕಾರು ಹರಿಯುವುದು ರಾತ್ರಿಯಲ್ಲಿ. ಆ ಕತ್ತಲೆ ಬೂದು ಚೌಕಗಳಾಗಿ ಒಡೆದು ಕಂಡರೆ, ವಿಮರ್ಶಕನು ಪ್ರತಿಯ ದೋಷವನ್ನೇ ನಿರ್ದೇಶಕನ ಶೈಲಿಯೆಂದು ಬರೆದಾನು. ಈ ತಪ್ಪಿಗೆ ನಾವೂ ಹೊರತಲ್ಲ.

ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಕಾಪಾಡಿದ್ದ ಮೂಲ ನೆಗೆಟಿವ್‌ನಿಂದ ‘ಘಟಶ್ರಾದ್ಧ’ (1977) ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಸ್ವರ್ಣಕಮಲ ಪಡೆದ ಕೃತಿಗೆ ಆ ಗೌರವ ಯೋಗ್ಯವೇ. ಆದರೆ ‘ತರ್ಕ’ವನ್ನೂ, ಕಾಶಿನಾಥರ ‘ಅಪರಿಚಿತ’ (1978) ಮೊದಲಾದವುಗಳನ್ನೂ ವ್ಯಾಪಾರದ ಸರಕೆಂದು ಬದಿಗಿಡುವುದು ಸರಿಯೆಂದು ನಮಗೆ ತೋರದು. ಹಾಡಿನ ಬಲವಿರುವ ಚಿತ್ರಗಳು ಇನ್ನಷ್ಟು ಕಾಲ ಕಾಯಬಲ್ಲವು. ಜೀರ್ಣೋದ್ಧಾರದ ಸರದಿಯಲ್ಲಿ ‘ತರ್ಕ’ವನ್ನು ಅವುಗಳಿಗಿಂತ ಮುಂದೆ ನಿಲ್ಲಿಸಬೇಕು, ಹಾಗೆ ಸಿದ್ಧವಾದ ಪ್ರತಿಯು ಉತ್ಸವದಲ್ಲಿಯೇ ಉಳಿಯದೆ ಡಿಸ್ಕ್ ರೂಪದಲ್ಲಿ ಗ್ರಂಥಾಲಯಗಳಿಗೂ ತಲುಪಬೇಕು.