ಪಾಠಯೋಜನೆಗೆ ಬೆಲೆ ಕಟ್ಟುವ ಮೊದಲು

ಸಂಬಳದ ಜೊತೆಗೆ ನಾಲ್ಕು ಕಾಸು ಸಂಪಾದಿಸಬೇಕೆಂದುಕೊಳ್ಳುವ ಅಮೆರಿಕದ ಶಾಲಾ ಶಿಕ್ಷಕರಿಗೆ ಇವತ್ತು ಬೇಗ ಹೊಳೆಯುವ ದಾರಿಯೆಂದರೆ, ತಾವೇ ಬರೆದ ಪಾಠಯೋಜನೆಗಳನ್ನು ಅಂತರಜಾಲದಲ್ಲಿ ಮಾರುವುದು. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದ್ದ ಪಾಲ್ ಎಡೆಲ್ಮನ್ 2006ರಲ್ಲಿ 'ಟೀಚರ್ಸ್ ಪೇ ಟೀಚರ್ಸ್' ಎಂಬ ತಾಣ ತೆರೆದು ಇದಕ್ಕೊಂದು ಮಾರುಕಟ್ಟೆ ಕಟ್ಟಿಕೊಟ್ಟರು. 2012ರ ಹೊತ್ತಿಗೆ ಜಾರ್ಜಿಯಾ ರಾಜ್ಯದ ಒಬ್ಬ ಶಿಶುವಿಹಾರ ಶಿಕ್ಷಕಿಯ ಗಳಿಕೆ ಅಲ್ಲಿ ಹತ್ತು ಲಕ್ಷ ಡಾಲರ್ ದಾಟಿತು. 2023ರಲ್ಲಿ ಐಎಕ್ಸ್‌ಎಲ್ ಲರ್ನಿಂಗ್ ಎಂಬ ಕಂಪನಿ ಇಡೀ ತಾಣವನ್ನು ಕೊಂಡುಕೊಂಡಿತು. ಒಬ್ಬ ಶಿಕ್ಷಕ ತನ್ನಂಥವರಿಗಾಗಿ ಶುರುಮಾಡಿದ ಸಂತೆ ಹದಿನೇಳು ವರ್ಷಗಳಲ್ಲಿ ದೊಡ್ಡ ಉದ್ಯಮವಾಯಿತು.

ಈ ಪದ್ಧತಿಯನ್ನು ಮೆಚ್ಚುವವರು ಶಿಕ್ಷಕರ ಶ್ರಮಕ್ಕೆ ಕೊನೆಗೂ ಬೆಲೆ ಬಂತು ಎನ್ನುತ್ತಾರೆ. ಒಪ್ಪದವರು ವಿದ್ಯೆಯನ್ನು ಮಾರಾಟಕ್ಕಿಟ್ಟರು ಎಂದು ಮರುಗುತ್ತಾರೆ. ಎರಡೂ ಮಾತು ಹಣದ ಸುತ್ತಲೇ ನಿಲ್ಲುತ್ತವೆ. ಪಾಠಯೋಜನೆಯೂ ಒಂದು ಬರವಣಿಗೆ. ಬರವಣಿಗೆಯನ್ನು ತೂಗುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅದರ ಗುಣದ್ದು: ಮಾರುಕಟ್ಟೆಗೆಂದು ಬರೆದ ಪಾಠಯೋಜನೆ ಒಳ್ಳೆಯ ಪಾಠಯೋಜನೆಯಾಗಿ ಉಳಿಯುತ್ತದೆಯೇ? ಬಹುಮಟ್ಟಿಗೆ ಉಳಿಯುವುದಿಲ್ಲ ಎಂಬುದು ನನ್ನ ನಿಲುವು. ಉಳಿಸಿಕೊಳ್ಳಲು ಸಾಧ್ಯವಿದೆ ಎಂಬುದನ್ನೂ ಅಷ್ಟೇ ಖಚಿತವಾಗಿ ನಂಬಿದ್ದೇನೆ.

ಈ ದಾರಿ ಹಿಡಿದವರನ್ನು ದುರಾಸೆಯವರೆನ್ನುವುದು ಅನ್ಯಾಯ. ಅಮೆರಿಕದ ಶಿಕ್ಷಣ ಅಂಕಿಅಂಶ ಕೇಂದ್ರದ ಪ್ರಕಾರ 2014-15ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರಲ್ಲಿ ಶೇ. 94ರಷ್ಟು ಮಂದಿ ತರಗತಿಯ ಸಾಮಗ್ರಿಗೆ ಕೈಯಿಂದ ಹಣ ಹಾಕಿದ್ದರು. ಸರಾಸರಿ ಖರ್ಚು 479 ಡಾಲರ್. ಇನ್ನೊಂದು ಕಾರಣ ಪಠ್ಯಪುಸ್ತಕದ್ದು. ನಮ್ಮಲ್ಲಿರುವಂತೆ ರಾಜ್ಯಕ್ಕೆಲ್ಲ ಒಂದೇ ಪಠ್ಯಪುಸ್ತಕ ಅಲ್ಲಿನ ಬಹುತೇಕ ಕಡೆ ಇಲ್ಲ. 2010ರಲ್ಲಿ 'ಕಾಮನ್ ಕೋರ್' ಎಂಬ ಕಲಿಕಾ ಮಾನದಂಡಗಳು ಬಂದಾಗ ಅವಕ್ಕೆ ತಕ್ಕ ಪುಸ್ತಕಗಳು ಇನ್ನೂ ಸಿದ್ಧವಿರಲಿಲ್ಲ. ಸೋಮವಾರ ಬೆಳಿಗ್ಗೆ ಮಕ್ಕಳ ಮುಂದೆ ನಿಲ್ಲಬೇಕಾದ ಶಿಕ್ಷಕಿ ಭಾನುವಾರ ರಾತ್ರಿ ಅಂತರಜಾಲದಲ್ಲಿ ಹುಡುಕದೆ ಬೇರೆ ದಾರಿಯಿರಲಿಲ್ಲ. ಆಡಳಿತ ಖಾಲಿ ಬಿಟ್ಟ ಜಾಗವನ್ನೇ ಮಾರುಕಟ್ಟೆ ತುಂಬಿತು.

ಮಾರುವವರ ಕೈಗೆ ಬರುವುದೆಷ್ಟು? 'ಟೀಚರ್ಸ್ ಪೇ ಟೀಚರ್ಸ್' ತಾಣದಲ್ಲಿ ಬಹುಕಾಲ ನಡೆದುಬಂದ ನಿಯಮದಂತೆ, ಶುಲ್ಕ ಕಟ್ಟದೆ ಅಂಗಡಿ ತೆರೆದವರಿಗೆ ಮಾರಾಟದ ಬೆಲೆಯಲ್ಲಿ ಶೇ. 55 ಸಿಗುತ್ತಿತ್ತು. ಅದರಲ್ಲೂ ಪ್ರತಿ ಸಾಮಗ್ರಿಗೆ 30 ಸೆಂಟ್ ಕಳೆಯುತ್ತಿದ್ದರು. ಮೂರು ಡಾಲರಿನ ಪಾಠ ಮಾರಿದರೆ ಬರೆದವರಿಗೆ ಸಿಗುತ್ತಿದ್ದುದು 1 ಡಾಲರ್ 35 ಸೆಂಟ್. ವಾರ್ಷಿಕ ಶುಲ್ಕ ಕಟ್ಟಿದವರ ಪಾಲು ಇದಕ್ಕಿಂತ ಹೆಚ್ಚು. ಕಂಪನಿಯೇ ಹೇಳಿಕೊಂಡಂತೆ ಅಲ್ಲಿರುವ ಸಾಮಗ್ರಿಗಳು ಎಪ್ಪತ್ತು ಲಕ್ಷದಷ್ಟು. ಆ ರಾಶಿಯಲ್ಲಿ ಕಣ್ಣಿಗೆ ಬೀಳಬೇಕಾದರೆ ಮುಖಪುಟ ಸೆಳೆಯುವಂತಿರಬೇಕು, ಚಿತ್ರಗಳಿಗೂ ಅಕ್ಷರಶೈಲಿಗಳಿಗೂ ಪರವಾನಗಿ ಕೊಳ್ಳಬೇಕು, ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ಮಾಡುತ್ತಿರಬೇಕು. ಪಕ್ಕದ ವ್ಯಾಪಾರ ಎಂದುಕೊಂಡದ್ದು ಹೀಗೆ ಎರಡನೆಯ ನೌಕರಿಯಾಗುತ್ತದೆ. ಲಕ್ಷಾಧಿಪತಿ ಶಿಕ್ಷಕಿಯ ಕಥೆ ನಿಜ. ಆದರೆ ಅದನ್ನು ನೋಡಿ ಮನೆಯ ಲೆಕ್ಕ ಹಾಕುವುದು ತಪ್ಪು.

ಇಂಥ ತಾಣಗಳಲ್ಲಿ ಮಾರಾಟಕ್ಕಿರುವ ಒಂದು ಪಾಠದ ಪೊಟ್ಟಣ ಸಾಮಾನ್ಯವಾಗಿ ಹೇಗಿರುತ್ತದೆ ನೋಡೋಣ. ಐದನೆಯ ತರಗತಿಯ ಗಣಿತ, ಛೇದಗಳು ಬೇರೆಬೇರೆಯಾದ ಭಿನ್ನರಾಶಿಗಳ ಸಂಕಲನ ಎಂದಿಟ್ಟುಕೊಳ್ಳಿ. ಅಂದವಾದ ಮುಖಪುಟ, ಯಾವ ಕಾಮನ್ ಕೋರ್ ಮಾನದಂಡಕ್ಕೆ ಸೇರಿದ್ದೆಂಬ ಸಂಖ್ಯೆ, ಉದ್ದೇಶ, ನಾಲ್ಕೈದು ಅಭ್ಯಾಸ ಹಾಳೆ, ಬಣ್ಣದ ಕಾರ್ಡುಗಳ ಒಂದು ಆಟ, ಪಾಠದ ಕೊನೆಗೊಂದು ಕಿರುಪರೀಕ್ಷೆ, ಉತ್ತರಗಳ ಪಟ್ಟಿ. ಎಲ್ಲವೂ ಅಚ್ಚುಕಟ್ಟು. ಮುದ್ರಿಸಿ ಹಂಚಿದರೆ ನಲವತ್ತು ನಿಮಿಷ ಕಳೆಯುತ್ತದೆ.

ಈಗ ತರಗತಿಗೆ ಬನ್ನಿ. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಿ ಎಂದರೆ ಹಲವು ಮಕ್ಕಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/5 ಎಂದು ಬರೆಯುತ್ತಾರೆ. ಇನ್ನು ಕೆಲವರು ಲ.ಸಾ.ಅ. ಆರು ಎಂದು ಸರಿಯಾಗಿಯೇ ಕಂಡುಹಿಡಿದು, ಅಂಶಗಳನ್ನು ಮಾತ್ರ ಬದಲಿಸದೆ 2/6 ಎನ್ನುತ್ತಾರೆ. ಎರಡೂ ತಪ್ಪೇ, ಆದರೆ ಅವುಗಳ ಮೂಲ ಒಂದೇ ಅಲ್ಲ. ಮೊದಲನೆಯ ಮಗುವಿನ ಯೋಚನೆಗೆ ಬೇರೆ ಕಡೆ ಅರ್ಥವೂ ಇದೆ: ಎರಡು ಎಸೆತದಲ್ಲಿ ಒಂದು ಗುರಿ, ಮತ್ತೆ ಮೂರು ಎಸೆತದಲ್ಲಿ ಒಂದು ಗುರಿ ಎಂದರೆ ಒಟ್ಟು ಐದರಲ್ಲಿ ಎರಡು. ಅಲ್ಲಿ ಸರಿಯಾದ ಲೆಕ್ಕ ಇಲ್ಲಿ ಏಕೆ ಸರಿಹೋಗದು ಎಂದು ತೋರಿಸಲು ಶಿಕ್ಷಕಿಯ ಬಳಿ ಒಂದು ಪ್ರಶ್ನೆ ಸಿದ್ಧವಿರಬೇಕು: "ಅರ್ಧ ರೊಟ್ಟಿಗೆ ಇನ್ನಷ್ಟು ರೊಟ್ಟಿ ಸೇರಿಸಿದೆ. ಒಟ್ಟು ಅರ್ಧಕ್ಕಿಂತ ಕಡಿಮೆಯಾಗುತ್ತದೆಯೇ?" 2/5 ಎಂಬುದು ಅರ್ಧಕ್ಕಿಂತ ಚಿಕ್ಕದು ಎಂದು ಮಗುವಿಗೆ ತಾನಾಗಿ ಹೊಳೆಯುವ ಕ್ಷಣವೇ ಆ ದಿನದ ಪಾಠ. ಕಾಮನ್ ಕೋರ್ ಮಾನದಂಡ ಕೂಡ ಕೇಳುವುದು ಇದನ್ನೇ. 2/5 ಮತ್ತು 1/2 ಸೇರಿ 3/7 ಎಂದರೆ, 3/7 ಅರ್ಧಕ್ಕಿಂತ ಕಡಿಮೆ ಎಂಬುದನ್ನು ನೋಡಿಯೇ ತಪ್ಪೆಂದು ಮಕ್ಕಳು ಗುರುತಿಸಬೇಕು ಎಂಬ ಉದಾಹರಣೆ ಅದರಲ್ಲಿಯೇ ಇದೆ.

ಮಾನದಂಡದ ಸಂಖ್ಯೆಯನ್ನು ಮುಖಪುಟದಲ್ಲಿ ಅಚ್ಚುಹಾಕುವ ಪೊಟ್ಟಣಗಳಲ್ಲಿ ಬಹಳಷ್ಟು ಈ ವಿಚಾರಕ್ಕೆ ಒಂದು ಸಾಲನ್ನೂ ಕೊಡುವುದಿಲ್ಲ. ಉತ್ತರಗಳ ಪಟ್ಟಿ ಸರಿಯುತ್ತರ ಹೇಳುತ್ತದೆ. ತಪ್ಪುತ್ತರ ಬಂದಾಗ ಮಗು ಹೇಗೆ ಯೋಚಿಸಿತು, ಮುಂದೇನು ಕೇಳಬೇಕು ಎಂಬುದು ಅಲ್ಲಿಲ್ಲ. ಪಾಠಯೋಜನೆಯ ಜೀವ ಇರುವುದೇ ಅಲ್ಲಿ ಎಂಬುದು ನನ್ನ ಒರೆಗಲ್ಲು. ಬರೆಯುವವರಿಗೆ ಇದು ತಿಳಿಯದೆಂದಲ್ಲ. ಅನುಭವಿ ಶಿಕ್ಷಕರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಕೊಳ್ಳುವವರು ಮಾದರಿ ಪುಟಗಳನ್ನು ನೋಡಿ ಕೊಳ್ಳುತ್ತಾರೆ, ಮಾದರಿ ಪುಟದಲ್ಲಿ ಚಿತ್ರ ಕಾಣುತ್ತದೆ, ಯೋಚನೆ ಕಾಣುವುದಿಲ್ಲ. ಅಭಿಪ್ರಾಯ ಬರೆದವರಿಗೆ ಮುಂದಿನ ಖರೀದಿಯಲ್ಲಿ ರಿಯಾಯಿತಿಯ ಅಂಕ ಕೊಡುವ ಪದ್ಧತಿಯೂ 'ಟೀಚರ್ಸ್ ಪೇ ಟೀಚರ್ಸ್' ತಾಣದಲ್ಲಿತ್ತು. ಹೀಗೆ ಬರುವ ಹೊಗಳಿಕೆ ಕೊಂಡ ವಸ್ತುವಿನ ಅಂದಕ್ಕೆ ಸಲ್ಲುತ್ತದೆ. ಮಕ್ಕಳು ಕಲಿತರೋ ಇಲ್ಲವೋ ಎಂಬುದಕ್ಕೆ ಅದು ಸಾಕ್ಷಿಯಾಗಲಾರದು.

ಇದು ನನ್ನೊಬ್ಬನ ಅನಿಸಿಕೆಯಲ್ಲ. 2019ರ ಡಿಸೆಂಬರಿನಲ್ಲಿ ಅಮೆರಿಕದ ಥಾಮಸ್ ಬಿ. ಫೋರ್ಡ್‌ಹ್ಯಾಮ್ ಸಂಸ್ಥೆ ಒಂದು ಅಧ್ಯಯನ ಪ್ರಕಟಿಸಿತು. ಮಾರ್ಗನ್ ಪೋಲಿಕಾಫ್ ಮತ್ತು ಜೆನಿಫರ್ ಡೀನ್ ಅದರ ಲೇಖಕರು. ಮೂರು ತಾಣಗಳಿಂದ ಅತಿ ಹೆಚ್ಚು ಬಳಕೆಯಾಗುತ್ತಿದ್ದ ಮುನ್ನೂರಕ್ಕೂ ಹೆಚ್ಚು ಪ್ರೌಢಶಾಲಾ ಇಂಗ್ಲಿಷ್ ಸಾಮಗ್ರಿಗಳನ್ನು ಆಯ್ದು ತಜ್ಞರಿಂದ ಪರಿಶೀಲನೆ ಮಾಡಿಸಲಾಗಿತ್ತು. ಅವುಗಳಲ್ಲಿ ಶೇ. 64ರಷ್ಟನ್ನು ಬಳಸಲೇಬಾರದು ಅಥವಾ ಬಳಸಿ ಹೆಚ್ಚು ಪ್ರಯೋಜನವಿಲ್ಲ ಎಂಬ ತೀರ್ಮಾನ ಬಂತು. ಸಾಮಗ್ರಿಗಳಲ್ಲಿ ಅಕ್ಷರದೋಷ, ಮಾಹಿತಿದೋಷ ಕಡಿಮೆ; ನೋಟವೂ ಚೆನ್ನ. ಸೋತದ್ದು ಮಕ್ಕಳನ್ನು ಆಳವಾಗಿ ಯೋಚಿಸಲು ಹಚ್ಚುವುದರಲ್ಲಿ, ಬೇರೆಬೇರೆ ಮಟ್ಟದ ಮಕ್ಕಳಿಗೆ ಆಸರೆಯಾಗುವುದರಲ್ಲಿ. ಆ ಮೂರರಲ್ಲಿ ಉಚಿತ ತಾಣಗಳೂ ಇದ್ದವು. ಹಾಗಾಗಿ ಈ ದೋಷವನ್ನೆಲ್ಲ ಹಣದ ತಲೆಗೆ ಕಟ್ಟುವುದೂ ಸಲ್ಲದು. ಯಾರೂ ಪರೀಕ್ಷಿಸದೆ, ತರಗತಿಯಲ್ಲಿ ಕೂತು ಯಾರೂ ನೋಡದೆ ಹೊರಬರುವ ಬರವಣಿಗೆಯ ದೋಷ ಅದು.

ನೋಡುವ ಕಣ್ಣುಗಳಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ 'ಜುಗ್ಯೊ ಕೆಂಕ್ಯು' ಎಂಬ ಪಾಠಾಧ್ಯಯನ ಉತ್ತರ ಕೊಡುತ್ತದೆ. ಸಂಶೋಧಕರಾದ ಸ್ಟಿಗ್ಲರ್ ಮತ್ತು ಹೀಬರ್ಟ್ 1999ರಲ್ಲಿ ಪ್ರಕಟಿಸಿದ 'ದಿ ಟೀಚಿಂಗ್ ಗ್ಯಾಪ್' ಪುಸ್ತಕದ ಮೂಲಕ ಇದು ಹೊರಜಗತ್ತಿಗೆ ಹೆಚ್ಚು ಪರಿಚಯವಾಯಿತು. ಈ ಪದ್ಧತಿಯಲ್ಲಿ ಶಿಕ್ಷಕರ ಗುಂಪೊಂದು ವಾರಗಟ್ಟಲೆ ಕೂತು ಒಂದೇ ಪಾಠವನ್ನು ಬರೆಯುತ್ತದೆ. ಯೋಜನೆಯಲ್ಲಿ ಶಿಕ್ಷಕರ ಪ್ರಶ್ನೆಗೆ ಒಂದು ಅಂಕಣವಿದ್ದರೆ, ಮಕ್ಕಳು ಕೊಡಬಹುದಾದ ಉತ್ತರಗಳಿಗೆ ಇನ್ನೊಂದು, ಆ ಉತ್ತರ ಬಂದಾಗ ಶಿಕ್ಷಕರು ಮಾಡಬೇಕಾದ್ದಕ್ಕೆ ಮತ್ತೊಂದು. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ತರಗತಿಯಲ್ಲಿ ನಿಂತು ಮಕ್ಕಳನ್ನು ಗಮನಿಸುತ್ತಾರೆ. ಆಮೇಲೆ ಚರ್ಚೆ, ತಿದ್ದುಪಡಿ, ಮರುಪಾಠ. ಇಂಥ ಗುಂಪುಗಳ ವರದಿಗಳು ಪುಸ್ತಕವಾಗಿ ಬರುವುದೂ ಉಂಟು. ಬರವಣಿಗೆ ಪ್ರಕಟವಾದರೆ ಕೆಡುತ್ತದೆ ಎಂಬುದು ಸುಳ್ಳೆಂದು ಇದರಿಂದ ತಿಳಿಯುತ್ತದೆ. ಪ್ರಕಟವಾಗುವ ಮೊದಲು ಅದು ಎಷ್ಟು ಜನರ ಕಣ್ಣಿನ ಕೆಳಗೆ ಹಾದುಬಂದಿದೆ ಎಂಬುದೇ ಮುಖ್ಯ.

ಇನ್ನು ಒಡೆತನದ ಪ್ರಶ್ನೆ. ಮಾರಲು ಹೊರಟ ಶಿಕ್ಷಕರು ಇದನ್ನು ಹಗುರವಾಗಿ ನೋಡಬಾರದು. ನ್ಯೂಯಾರ್ಕ್ ರಾಜ್ಯದ ಒಬ್ಬ ಗಣಿತ ಶಿಕ್ಷಕರ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2004ರಲ್ಲಿ ತೀರ್ಪು ಕೊಟ್ಟಿತು: ಪಾಠಕ್ಕಾಗಿ ತಯಾರಿಸಿದ ಪರೀಕ್ಷೆ, ಕಿರುಪರೀಕ್ಷೆ, ಮನೆಗೆಲಸದ ಪ್ರಶ್ನೆಗಳು ಉದ್ಯೋಗದ ಭಾಗ, ಅವುಗಳ ಹಕ್ಕುಸ್ವಾಮ್ಯ ಶಾಲೆಯದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಕೂಡ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ರಚಿಸಿದ ಕೃತಿಯ ಮೊದಲ ಹಕ್ಕನ್ನು ನೌಕರಿ ಕೊಟ್ಟವರಿಗೇ ಕೊಡುತ್ತದೆ. ಕರ್ನಾಟಕದ ಸರ್ಕಾರಿ ಶಿಕ್ಷಕರಿಗಂತೂ ನಡತೆ ನಿಯಮಗಳಿವೆ. ಪೂರ್ವಾನುಮತಿ ಇಲ್ಲದೆ ವ್ಯಾಪಾರಕ್ಕೆ ಇಳಿಯುವಂತಿಲ್ಲ. ಆದ್ದರಿಂದ 'ನಾನು ಬರೆದದ್ದು, ನನ್ನದು' ಎಂಬುದು ಮನಸ್ಸಿಗೆ ಎಷ್ಟು ಸಹಜವಾಗಿ ತೋರಿದರೂ ಕಾನೂನಿನ ಮುಂದೆ ಸಾಲದು.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡುವುದು ಶಿಕ್ಷಕರ ಕೊಠಡಿಯ ಮಾತು. ಹೊಸದಾಗಿ ಕೆಲಸಕ್ಕೆ ಬಂದವರು ಹಿರಿಯರ ಪಾಠ ಟಿಪ್ಪಣಿ ಕೇಳಿ ಪಡೆಯುವುದು, ಅದರಲ್ಲೊಂದು ಚಟುವಟಿಕೆ ಬದಲಿಸಿ ಪಕ್ಕದ ಶಾಲೆಯವರಿಗೆ ಕೊಡುವುದು ಈ ವೃತ್ತಿಯ ಹಳೆಯ ನಡೆ. ಇಬ್ಬರು ಮೂವರು ಸೇರಿ ರೂಪಿಸಿದ ಚಟುವಟಿಕೆ ಒಬ್ಬರ ಹೆಸರಿನಲ್ಲಿ ಬೆಲೆಯ ಚೀಟಿ ಹೊತ್ತು ಕಂಡ ದಿನ ಆ ನಡೆ ನಿಲ್ಲುತ್ತದೆ. ಮುಂದಿನ ಸಲ ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ಒಂದು ಶಾಲೆ ಕಳೆದುಕೊಳ್ಳುವ ಇದನ್ನು ಯಾವ ಅಂಗಡಿಯಿಂದಲೂ ಮರಳಿ ತರಲಾಗದು.

ನಮ್ಮಲ್ಲಿ ಈ ಕೊಡುಕೊಳ್ಳುವಿಕೆ ಹಿಂದೆ ದೊಡ್ಡ ಕೆಲಸಗಳನ್ನೇ ಮಾಡಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಲ್ಲಿ ತಾವೇ ಕೂತು ಕಲಿಕೆಯ ಕಾರ್ಡುಗಳನ್ನು ಬರೆದರು. ಅದೇ ನಲಿ-ಕಲಿ. ಅದರ ಬಲ ಇದ್ದದ್ದು ಬರೆದವರೇ ಕಲಿಸುತ್ತಿದ್ದರು, ಕಲಿಸಿದವರೇ ತಿದ್ದುತ್ತಿದ್ದರು ಎಂಬುದರಲ್ಲಿ. ರಾಜ್ಯಕ್ಕೆಲ್ಲ ಹರಡಿದಾಗ ಕಾರ್ಡುಗಳು ಮೇಲಿನಿಂದ ಅಚ್ಚಾಗಿ ಬಂದವು, ಬಹುಪಾಲು ಶಿಕ್ಷಕರು ಬರೆಯುವವರಾಗಿ ಉಳಿಯದೆ ಪಡೆಯುವವರಾದರು. ಆ ಪ್ರಯೋಗದ ಮೊದಲ ಹುರುಪು ಕುಂದಿದ್ದು ಅಲ್ಲಿಯೇ ಎಂದು ನಾನು ತಿಳಿದಿದ್ದೇನೆ. ಮುಂದೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಎಂಬ ಸಂಸ್ಥೆ ಜೊತೆಗೂಡಿ ನಡೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆ, ಶಿಕ್ಷಕರು ಕನ್ನಡದಲ್ಲಿ ಬರೆದದ್ದನ್ನು ಯಾರು ಬೇಕಾದರೂ ಬಳಸಿ ತಿದ್ದುವಂತೆ ಮುಕ್ತವಾಗಿಟ್ಟಿತು.

ಇದರ ಪಕ್ಕದಲ್ಲೇ ಇನ್ನೊಂದು ರೂಢಿಯೂ ಇದೆ. ಬಿ.ಇಡಿ. ಕಾಲೇಜುಗಳ ಸುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಿ ಸಿದ್ಧ ಪಾಠಯೋಜನೆ ಸಿಗುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವರ್ಷವಿಡೀ ಪಿಡಿಎಫ್‌ಗಳು ಓಡಾಡುತ್ತವೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯೋ (ಸಿಆರ್‌ಪಿ) ಕ್ಷೇತ್ರ ಶಿಕ್ಷಣಾಧಿಕಾರಿಯೋ (ಬಿಇಒ) ತಪಾಸಣೆಗೆ ಬಂದಾಗ ತೋರಿಸಲು ಟಿಪ್ಪಣಿ ಬೇಕು, ಅದಕ್ಕಾಗಿ ನಕಲು ಎಂಬ ಸ್ಥಿತಿ. ತಪಾಸಣೆಗೆಂದು ಬರೆದದ್ದಾಗಲಿ ಮಾರಾಟಕ್ಕೆಂದು ಬರೆದದ್ದಾಗಲಿ ಸೋಲುವುದು ಒಂದೇ ಕಡೆ. ಎರಡರಲ್ಲೂ ಬರೆಯುವವರ ಕಣ್ಣ ಮುಂದೆ ಮಗು ಇರುವುದಿಲ್ಲ.

ಇಷ್ಟೆಲ್ಲ ತೂಗಿದ ಮೇಲೂ ಮಾರಲೇಬಾರದು ಎಂದು ನಾನು ಹೇಳಲಾರೆ. ಕಥೆಗಾರರಿಗೆ ಗೌರವಧನ ಸಲ್ಲುವುದಾದರೆ ಒಳ್ಳೆಯ ಪಾಠ ಕಟ್ಟುವವರಿಗೂ ಸಲ್ಲಬೇಕು. ಶಿಕ್ಷಕರ ದುಡಿಮೆಯನ್ನು ಸೇವೆ ಎಂದು ಕರೆದು ಬಿಟ್ಟಿಯಾಗಿ ಪಡೆಯುವ ಅಭ್ಯಾಸ ಬಹಳ ಹಳೆಯದು, ಅದು ನಿಲ್ಲಬೇಕು. ಆದರೆ ಹಾಗೆ ಮಾರುವವರು ಕೆಲವು ಕಟ್ಟುಪಾಡುಗಳನ್ನು ತಾವೇ ಹಾಕಿಕೊಳ್ಳಲಿ. ಶಾಲೆಯ ಅನುಮತಿಯನ್ನು ಬರಹದಲ್ಲಿ ಪಡೆಯಲಿ. ಜೊತೆಗಾರರೊಂದಿಗೆ ಸೇರಿ ಮಾಡಿದ್ದನ್ನು ಮಾರಾಟದಿಂದ ಹೊರಗಿಡಲಿ. ತಮ್ಮ ತರಗತಿಯಲ್ಲಿ ಮಾಡಿ ನೋಡದ ಪಾಠಕ್ಕೆ ಬೆಲೆ ಕಟ್ಟದಿರಲಿ. ಪ್ರತಿ ಪಾಠದ ಜೊತೆ, ಮಕ್ಕಳು ಎಲ್ಲಿ ಎಡವಿದರು, ಆಗ ಯಾವ ಪ್ರಶ್ನೆ ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬ ಒಂದು ಪುಟವಾದರೂ ಇರಲಿ. ತಮ್ಮ ಶಾಲೆಯವರಿಗೆ ಅದೇ ಪಾಠ ಉಚಿತವಾಗಿ ಸಿಗಲಿ.

ಶಿಕ್ಷಣ ಇಲಾಖೆಗೂ ಶಾಲಾ ಆಡಳಿತ ಮಂಡಳಿಗಳಿಗೂ ಒಂದು ಮಾತು. ಪಾಠ ಬರೆಯಲು ವಾರದಲ್ಲಿ ಒಂದೆರಡು ಅವಧಿಯನ್ನು ವೇಳಾಪಟ್ಟಿಯಲ್ಲೇ ಬಿಡುವು ಮಾಡಿಕೊಡಿ, ಚೆನ್ನಾಗಿ ಬರೆದವರಿಗೆ ಹೆಸರನ್ನೂ ಸಂಭಾವನೆಯನ್ನೂ ಕೊಡಿ, ಬರೆದದ್ದನ್ನು ಎಲ್ಲ ಶಾಲೆಗಳಿಗೂ ಮುಕ್ತವಾಗಿಡಿ. ಹಾಗಾದರೆ ಒಳ್ಳೆಯ ಪಾಠ ಬರೆಯಬಲ್ಲವರು ಕೊಳ್ಳುವವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಲ್ಲಿಯವರೆಗೆ, ತನ್ನ ಪಾಠವನ್ನು ಮಾರಲು ಹೊರಟ ಶಿಕ್ಷಕಿಯನ್ನು ತಡೆಯುವ ನೈತಿಕ ಹಕ್ಕು ನಮಗಿಲ್ಲ. ಆಕೆ ಮಾರುವುದು ನಿಜವಾದ ಪಾಠವಾಗಿರಲಿ ಎಂದು ಕೇಳುವ ಹಕ್ಕು ಮಾತ್ರ ಇದೆ.