ಪ್ರಶ್ನೆಗೂ ಉತ್ತರಕ್ಕೂ ನಡುವೆ

ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದವರು ಯಾರು? ವಿಷ್ಣುವರ್ಧನ. ಯಾವಾಗ? 1117ರಲ್ಲಿ. ಶಿಲ್ಪಿ ಯಾರು? ಜಕಣಾಚಾರಿ. ಹಾಸನ ಜಿಲ್ಲೆಯ ಯಾವ ಶಾಲೆಯ ರಸಪ್ರಶ್ನೆ ಸ್ಪರ್ಧೆಗೆ ಹೋದರೂ, ನವೆಂಬರಿನಲ್ಲಿ ಯಾವ ಕನ್ನಡ ಸಂಘದ ಪೆಂಡಾಲಿನಲ್ಲಿ ಕೂತರೂ ಈ ಮೂರು ಪ್ರಶ್ನೆ ತಪ್ಪಿದ್ದಲ್ಲ. ಅರಸೀಕೆರೆ ಬಸ್ ನಿಲ್ದಾಣದಲ್ಲಿ ಸಿಗುವ ಸಾಮಾನ್ಯ ಜ್ಞಾನದ ಗೈಡುಗಳಲ್ಲೂ ಇವೇ ಇರುತ್ತವೆ.

ಮೂರನೆಯ ಉತ್ತರಕ್ಕೆ ಶಾಸನದ ಆಧಾರವಿಲ್ಲ. ಜಕಣಾಚಾರಿ ಜನರ ಕತೆಯಲ್ಲಿ ಬಾಳಿದವನು. ಅಪ್ಪನ ವಿಗ್ರಹದಲ್ಲಿ ದೋಷ ತೋರಿಸಿದ ಮಗ ಡಂಕಣ, ಕಲ್ಲಿನೊಳಗಿಂದ ಹೊರಬಂದ ಕಪ್ಪೆ, ಇವೆಲ್ಲ ಚೆಂದದ ಕತೆಗಳೇ. ಆದರೆ ಬೇಲೂರಿನ ಮದನಿಕೆಯರ ಪೀಠದಲ್ಲಿ ಕೆತ್ತಿದವರೇ ತಮ್ಮ ಹೆಸರು ಬರೆದಿಟ್ಟು ಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರು ಊರು ಬಿಟ್ಟು ಬಂದು ಇಲ್ಲಿ ಉಳಿ ಹಿಡಿದವರು. ಮುಂದೆ ಹೊಯ್ಸಳರ ನಾಡಿನ ಹಲವು ಗುಡಿಗಳಲ್ಲಿ ಮಲ್ಲಿತಮ್ಮನ ರುಜು ಸಿಗುತ್ತದೆ. ಭಾರತದ ಹಳೆಯ ಶಿಲ್ಪಗಳಲ್ಲಿ ಕೆತ್ತಿದವನ ಹೆಸರು ಸಿಗುವುದೇ ಅಪರೂಪ. ಸಿಕ್ಕಿದ ಕಡೆಯೂ ನಾವು ಆ ಹೆಸರು ಕೇಳುವುದಿಲ್ಲ. ನಾನು ಕೂತು ನೋಡಿದ ಒಂದು ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲಿ ‘ದಾಸೋಜ’ ಎಂದ ಹುಡುಗಿಗೆ ಅಂಕ ಬರಲಿಲ್ಲ. ಕ್ವಿಜ್ ಮಾಸ್ಟರ್ ಕೈಯಲ್ಲಿದ್ದ ಹಾಳೆಯಲ್ಲಿ ಜಕಣಾಚಾರಿ ಎಂದಿತ್ತು. ಪಕ್ಕದಲ್ಲಿ ಕೂತಿದ್ದ ಜೊತೆಗಾತಿ ಅವಳ ಮೊಣಕೈ ತಿವಿದು, “ಗೈಡಲ್ಲಿ ಇರೋದನ್ನೇ ಹೇಳು ಅಂದ್ನಲ್ಲೇ” ಎಂದಳು. ಗೊತ್ತಿದ್ದವಳು ತಲೆ ತಗ್ಗಿಸಿ ಕೂತಳು. ನನಗೆ ಆ ಸ್ಪರ್ಧೆಯಲ್ಲಿ ಯಾರು ಗೆದ್ದರೆಂಬುದು ನೆನಪಿಲ್ಲ, ಅವಳ ಮುಖ ನೆನಪಿದೆ.

ತಪ್ಪು ಆ ಒಂದು ಹಾಳೆಯದ್ದು ಮಾತ್ರ ಅಲ್ಲ. ಪ್ರತಿಭಾ ಕಾರಂಜಿಯಿಂದ ಹಿಡಿದು ಸಂಘಗಳ ಕಾರ್ಯಕ್ರಮದವರೆಗೆ ನಮ್ಮ ರಸಪ್ರಶ್ನೆಯ ಅಚ್ಚೇ ಹಾಗಿದೆ. ವೇದಿಕೆ, ಮೈಕು, ಬಜರ್, ಹತ್ತು ಎಣಿಸುವುದರೊಳಗೆ ಉತ್ತರ. ಅಷ್ಟು ಹೊತ್ತಿನಲ್ಲಿ ಯಾರೂ ಯೋಚಿಸಲಾರರು, ಬಾಯಿಪಾಠವಾದದ್ದನ್ನು ಒಪ್ಪಿಸಬಹುದಷ್ಟೆ. ಹಾಗಾಗಿ ಕೇಳುವವರೂ ಒಪ್ಪಿಸಲು ಬರುವಂಥದ್ದನ್ನೇ ಕೇಳುತ್ತಾರೆ. ತಂಡವೆಂದು ಇಬ್ಬರನ್ನು ಕೂರಿಸಿದರೂ ಅವರಿಬ್ಬರ ನಡುವೆ ಮಾತಿಗೆ ಜಾಗವಿಲ್ಲ.

ಇದೇ ಮಿತಿಯೊಳಗೆ ಒಳ್ಳೆಯ ಕೆಲಸ ಆಗಿಲ್ಲವೆಂದಲ್ಲ. ದೂರದರ್ಶನ ಚಂದನದಲ್ಲಿ 2002ರಿಂದ ನಡೆದುಬಂದ ‘ಥಟ್ ಅಂತ ಹೇಳಿ’ಗೆ ಕನ್ನಡದ ರಸಪ್ರಶ್ನೆಯ ಚರಿತ್ರೆಯಲ್ಲಿ ಬೇರೆಯದೇ ಸ್ಥಾನ. ವೈದ್ಯರಾದ ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ದುಡ್ಡು ಕೊಡದೆ ಪುಸ್ತಕ ಕೊಟ್ಟರು. ಉತ್ತರದ ಜೊತೆಗೆ ಎರಡು ಮಾತು ವಿವರಣೆಯನ್ನೂ ಕೊಟ್ಟರು. ಸಾವಿರಾರು ಕಂತು ಅದನ್ನು ಬಿಡದೆ ಮಾಡಿದರು. ಆ ವಿವರಣೆಯ ಸಲುವಾಗಿಯೇ ಮನೆಮಂದಿಯೆಲ್ಲ ಟಿವಿ ಮುಂದೆ ಕೂರುತ್ತಿದ್ದುದು. ಆದರೂ ಅಲ್ಲಿ ಸ್ಪರ್ಧಿ ಒಂಟಿ. ಅದು ಹೆಸರೇ ಹೇಳುವಂತೆ ಥಟ್ಟನೆ ಹೇಳುವ ಆಟ.

ಪಬ್ಬಿನಲ್ಲಿ ಆಡುವ ಕ್ವಿಜ್ ಇದಕ್ಕೆ ತೀರ ಬೇರೆ. ಇಂಗ್ಲೆಂಡಿನ ಪಬ್ಬುಗಳಲ್ಲಿ ಅದು 1970ರ ದಶಕದಿಂದ ಬೇರು ಬಿಟ್ಟಿತು. ನಮ್ಮ ದೇಶದಲ್ಲಿ ಎಲ್ಲರಿಗೂ ತೆರೆದ ಕ್ವಿಜ್ ಎಂಬುದು 1967ರಲ್ಲಿ ಕಲ್ಕತ್ತೆಯಲ್ಲಿ ನೀಲ್ ಓಬ್ರಿಯನ್ ಅವರಿಂದ ಶುರುವಾಯಿತು. ಬೆಂಗಳೂರಿನಲ್ಲಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು, ವಾಯುಪಡೆಯಲ್ಲಿದ್ದ ಜಿ.ಆರ್. ಮುಲ್ಕಿ ಅದನ್ನು ಕಟ್ಟಿದವರಲ್ಲಿ ಮುಖ್ಯರು. ಪ್ರಶ್ನೆ ಎಂದರೆ ನೆನಪಿನ ಪರೀಕ್ಷೆಯಲ್ಲ, ಸುಳಿವು ಹಿಡಿದು ಉತ್ತರಕ್ಕೆ ನಡೆದು ಹೋಗಬೇಕು ಎಂಬ ರೂಢಿಯನ್ನು ಈ ನಗರದಲ್ಲಿ ಗಟ್ಟಿ ಮಾಡಿದ್ದು ಆ ಸಂಸ್ಥೆ. ಇಂದು ಬೆಂಗಳೂರಿನ ಪಬ್ಬುಗಳಲ್ಲಿ ವಾರದ ಸಂಜೆ ನಡೆಯುವ ಆಟಗಳಿಗೂ ಆ ರೂಢಿಯ ಋಣವಿದೆ.

ಅಲ್ಲಿ ಒಂದೊಂದು ಮೇಜಿಗೆ ನಾಲ್ಕೈದು ಜನ. ಪ್ರಶ್ನೆ ಎಲ್ಲರಿಗೂ ಒಂದೇ. ಉತ್ತರ ಹಾಳೆಯಲ್ಲಿ ಬರೆಯಬೇಕು, ಸುತ್ತು ಮುಗಿದ ಮೇಲೆ ತಿದ್ದುತ್ತಾರೆ. ಬಜರ್ ಇಲ್ಲ, ವೇದಿಕೆ ಇಲ್ಲ, ತಪ್ಪು ಹೇಳಿದರೆ ಮೈಕಿನಲ್ಲಿ ಕೇಳುವ ಭಯವಿಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎರಡು ಮೂರು ನಿಮಿಷ ಸಿಗುತ್ತದೆ. ನನ್ನ ಮಟ್ಟಿಗೆ ಆಟ ಇರುವುದು ಆ ನಿಮಿಷಗಳಲ್ಲಿ.

ಅರಸೀಕೆರೆಯಲ್ಲೇ ಇಂಥದೊಂದು ಮೇಜು ಹಾಕೋಣ. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಜಂಕ್ಷನ್ನಿನ ರೈಲ್ವೆ ನೌಕರ, ಒಬ್ಬ ಕೊಬ್ಬರಿ ವ್ಯಾಪಾರಿ, ಒಬ್ಬಳು ಕಾಲೇಜು ಹುಡುಗಿ. ಪ್ರಶ್ನೆ ಇದು: ಈ ಊರಿನ ಶಿವಾಲಯ, ಇದೇ ಊರಿನ ಸಹಸ್ರಕೂಟ ಜಿನಾಲಯ, ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯ ಕೊನೆ, ಈ ಮೂರಕ್ಕೂ ಸೇರಿದ ವರ್ಷ ಯಾವುದು? ವ್ಯಾಪಾರಿಗೆ ಶಿವಾಲಯ ಗೊತ್ತು. ಮುಂದೆ ನಕ್ಷತ್ರದ ಹಾಗೆ ಮೂಲೆಮೂಲೆಯಾಗಿ ಚಾಚಿದ ತೆರೆದ ಮಂಟಪ, ಮೇಲೆ ಗುಮ್ಮಟದಂಥ ಚಾವಣಿ, ಹೊಯ್ಸಳರ ಬೇರೆ ಗುಡಿಗಳಲ್ಲಿ ಕಾಣದ ಆಕಾರ. ಕಟ್ಟಿದ ವರ್ಷ ಅವರಿಗೆ ಗೊತ್ತಿಲ್ಲ. ಜಿನಾಲಯವನ್ನು ಬಲ್ಲಾಳನ ಮಂತ್ರಿ ರೇಚರಸ ಕಟ್ಟಿಸಿದ್ದು ಎಂದು ಮೇಷ್ಟ್ರಿಗೆ ನೆನಪಾಗುತ್ತದೆ. ಹಾಗಾದರೆ ಬಲ್ಲಾಳ ಬದುಕಿದ್ದಾಗಲೇ ಆದದ್ದು. ರೈಲ್ವೆಯವರು ಹಳೇಬೀಡಿನ ಕೇದಾರೇಶ್ವರ ಗುಡಿಯ ಫಲಕದಲ್ಲಿ 1219, ಬಲ್ಲಾಳ, ರಾಣಿ ಅಭಿನವ ಕೇತಲದೇವಿ ಎಂದು ಓದಿದವರು. ಅಂದರೆ ಆ ವರ್ಷವೂ ಅವನಿದ್ದ. ಹುಡುಗಿ, “ಮೇಷ್ಟ್ರೇ, ಪಟ್ಟಕ್ಕೆ ಬಂದದ್ದು 1173, ಆಳಿದ್ದು ನಲವತ್ತೇಳು ವರ್ಷ” ಎನ್ನುತ್ತಾಳೆ. ಕೂಡಿ ನೋಡಿದರೆ 1220. ನಾಲ್ವರಲ್ಲಿ ಯಾರಿಗೂ ಉತ್ತರ ಪೂರ್ತಿ ಗೊತ್ತಿರಲಿಲ್ಲ, ನಾಲ್ವರ ಬಳಿಯೂ ಒಂದೊಂದು ತುಂಡು ಇತ್ತು. ಗೈಡಿನಲ್ಲಿ ಬರೀ ಸಂಖ್ಯೆಯಾಗಿದ್ದದ್ದು ಇಲ್ಲಿ ಒಬ್ಬ ಅರಸನ ಕೊನೆಗಾಲವಾಗುತ್ತದೆ, ಒಂದೇ ಊರಿನಲ್ಲಿ ಶೈವರೂ ಜೈನರೂ ಜೊತೆಯಾಗಿ ಗುಡಿ ಕಟ್ಟಿಕೊಂಡ ಕಾಲವಾಗುತ್ತದೆ.

ಇನ್ನೂ ಒಳ್ಳೆಯ ಪ್ರಶ್ನೆ ಹಳೇಬೀಡಿನಲ್ಲಿದೆ. ಹೊಯ್ಸಳೇಶ್ವರ ಶಿವನ ಗುಡಿ. ಅದರ ಪಕ್ಕದಲ್ಲೇ ಒಂದು ಗರುಡಗಂಬ. ಕಂಬದ ಮೇಲಿನ ಸಣ್ಣ ಆಕೃತಿಗಳು ಕತ್ತಿ ಹಿಡಿದು ತಮ್ಮ ತಲೆಯನ್ನೇ ಕಡಿದುಕೊಳ್ಳುತ್ತಿವೆ. ಶಿವನ ಗುಡಿಯ ಬಳಿ ಗರುಡನಿಗೇನು ಕೆಲಸ? ಇವರು ಯಾರು? ಪ್ರವಾಸಿಗರು ಈ ಕಂಬದ ಮುಂದೆ ನಿಲ್ಲುವುದೇ ಕಡಿಮೆ. ಅರಸನ ಜೊತೆ ತಾವೂ ಸಾಯುತ್ತೇವೆಂದು ಮಾತು ಕೊಟ್ಟ ಅಂಗರಕ್ಷಕರಿಗೆ ಗರುಡರೆಂದು ಹೆಸರು, ವಿಷ್ಣುವಿಗೆ ಗರುಡನಿದ್ದ ಹಾಗೆ ಒಡೆಯನಿಗೆ ಅವರು. ಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ ತನ್ನ ಹೆಂಡತಿ, ತನ್ನ ಭಟರ ಸಮೇತ ಪ್ರಾಣ ಕೊಟ್ಟದ್ದನ್ನು ಕಂಬದ ಶಾಸನ ಹೇಳುತ್ತದೆ. ಈ ಪ್ರಶ್ನೆಗೆ ಉತ್ತರ ಬರೆದ ತಂಡ ಹಾಗೇ ಎದ್ದು ಹೋಗಲಾರದು. ಇದು ನಿಷ್ಠೆಯೋ, ಹೆಂಡತಿಯನ್ನು ಕೇಳಿದವರಾರು, ಇಂಥ ಸಾವಿಗೆ ಕಂಬ ನಿಲ್ಲಿಸಿದ ಕಾಲ ಎಂಥದು ಎಂದು ಜಗಳವೇ ಆಗುತ್ತದೆ. ಆಗಬೇಕು. ಅಂಕ ಕೊಟ್ಟ ಮೇಲೂ ಮುಗಿಯದ ಪ್ರಶ್ನೆಯೇ ನನ್ನ ಲೆಕ್ಕದಲ್ಲಿ ಒಳ್ಳೆಯ ಪ್ರಶ್ನೆ.

ಹೀಗೆ ಹೊಗಳಿದ ಮಾತ್ರಕ್ಕೆ ಪಬ್ಬಿನ ಕ್ವಿಜ್ಜನ್ನು ಇದ್ದ ಹಾಗೇ ತಂದು ಇಲ್ಲಿ ಇಡಬೇಕೆಂದು ನಾನು ಹೇಳುವುದಿಲ್ಲ. ಅದರ ಭಾಷೆ ಇಂಗ್ಲಿಷ್. ಅದರ ಲೋಕವೂ ಬಹುಪಾಲು ಇಂಗ್ಲಿಷಿನದೇ, ಅಲ್ಲಿನ ಸಿನಿಮಾ, ಅಲ್ಲಿನ ಸಂಗೀತ, ಅಲ್ಲಿನ ಫುಟ್‌ಬಾಲ್. ಕನ್ನಡ ಶಾಲೆಯಲ್ಲಿ ಓದಿದವನು ಆ ಮೇಜಿನಲ್ಲಿ ಎಷ್ಟು ತಿಳಿದಿದ್ದರೂ ಮೂಕ. ಅಲ್ಲಿ ಕೂತವರು ಊಟ, ಬಿಯರ್ ತರಿಸದೆ ಇರಲಾಗದು. ಅದು ಎಲ್ಲರ ಕೈಗೆಟುಕುವ ಸಂಜೆಯಲ್ಲ. ನಮ್ಮ ತಾಲ್ಲೂಕು ಊರುಗಳ ಬಾರ್ ಅಂತೂ ಬೇರೆಯದೇ ಜಾಗ. ಮಂದ ಬೆಳಕು, ಪರದೆ ಎಳೆದ ಕ್ಯಾಬಿನ್ನು, ಗಂಡಸರು ಮಾತ್ರ. ನನ್ನ ಮೇಜಿನ ಕಾಲೇಜು ಹುಡುಗಿ ಅಲ್ಲಿ ಕಾಲಿಡಲಾರಳು, ಅವಳಿಲ್ಲದೆ 1220 ಸಿಗುತ್ತಿರಲಿಲ್ಲ. ತೆಗೆದುಕೊಳ್ಳಬೇಕಾದದ್ದು ಮೇಜು, ಹಾಳೆ, ಆ ಎರಡು ಮೂರು ನಿಮಿಷ. ಅದಕ್ಕೆ ಗ್ರಂಥಾಲಯದ ಕೋಣೆ ಸಾಕು, ಭಾನುವಾರ ಖಾಲಿ ಇರುವ ಶಾಲೆ ಸಾಕು. ಕಾಫಿ ಇದ್ದರೆ ಒಳ್ಳೆಯದು. ಮೊಬೈಲ್ ಮಾತ್ರ ಬಾಗಿಲ ಬಳಿಯ ಬುಟ್ಟಿಯಲ್ಲಿ ಇರಬೇಕು.

ಕಷ್ಟ ಇರುವುದು ಪ್ರಶ್ನೆ ಮಾಡುವವರನ್ನು ಹುಡುಕುವುದರಲ್ಲಿ. ಗೈಡಿನಿಂದ ಐವತ್ತು ಪ್ರಶ್ನೆ ನಕಲು ಮಾಡಲು ಅರ್ಧ ಗಂಟೆ ಸಾಕು; ಗರುಡಗಂಬದಂಥ ಒಂದು ಪ್ರಶ್ನೆಗೆ ಒಂದು ದಿನ ಬೇಕು. ಸಾಮಗ್ರಿಗೆ ಕೊರತೆಯಿಲ್ಲ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ ಪೂರ್ತಿ ಹಾಸನ ಜಿಲ್ಲೆಯದೇ, ಬೇಲೂರು ಅರಸೀಕೆರೆಯ ಶಾಸನಗಳೂ ಅದರಲ್ಲಿವೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಎಲ್ಲ ಸ್ಪರ್ಧೆಗಳಲ್ಲೂ ಆ ಇಸವಿಯನ್ನು ಕೇಳಿದ್ದೇ ಕೇಳಿದ್ದು. ಅದರ ಬದಲು, ಬೇಲೂರಿನ ಗುಡಿ ಅರಸನದಾದರೆ ಹೊಯ್ಸಳೇಶ್ವರ ಕಟ್ಟಿಸಿದ ಕೇತಮಲ್ಲ ಯಾರು, ಅರಸನ ಹೆಸರಿನ ದೇವರ ಪಕ್ಕದಲ್ಲಿ ಶಾಂತಲೇಶ್ವರ ಎಂಬ ಇನ್ನೊಂದು ಗರ್ಭಗುಡಿ ಏಕಿದೆ ಎಂದು ಕೇಳಬಹುದಿತ್ತು.

ಹಲ್ಮಿಡಿಯೂ ಬೇಲೂರು ತಾಲ್ಲೂಕಿನದೇ. ‘ಹಲ್ಮಿಡಿ ಶಾಸನದ ಕಾಲ ಯಾವುದು’ ಎಂದರೆ ಐದನೇ ತರಗತಿಯ ಮಗುವೂ 450 ಎನ್ನುತ್ತದೆ. ಆ ಕಲ್ಲಿನಲ್ಲಿ ಏನು ಬರೆದಿದೆ ಎಂದು ಕೇಳಿ ನೋಡಿ. ಯುದ್ಧ ಗೆದ್ದು ಬಂದ ವಿಜ ಅರಸನ ಕತ್ತಿ ತೊಳೆದು ಅವನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರು ಬಿಟ್ಟುಕೊಟ್ಟದ್ದು ಅದರಲ್ಲಿದೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಮೂಲ ಕಲ್ಲು ಈಗ ಇರುವುದು ಮೈಸೂರಿನಲ್ಲಿ, ಊರಿನಲ್ಲಿರುವುದು ಪ್ರತಿಕೃತಿ. ಒಂದು ಇಡೀ ಸುತ್ತಿಗೆ ಆಗುವಷ್ಟು ಪ್ರಶ್ನೆಗಳು ಆ ಒಂದೇ ಕಲ್ಲಿನಲ್ಲಿವೆ. ಕೊನೆಯ ಪ್ರಶ್ನೆಯಾಗಿ, ಅದು ಊರಿಗೆ ವಾಪಸ್ ಬರಬೇಕೋ ಬೇಡವೋ ಎಂದು ಹಲ್ಮಿಡಿಯ ಮಕ್ಕಳ ತಂಡಕ್ಕೇ ಕೇಳಬೇಕೆಂದು ನನಗೆ ಆಸೆ. ಅದಕ್ಕೆ ಉತ್ತರಪತ್ರಿಕೆ ಯಾರ ಬಳಿಯೂ ಇಲ್ಲ, ಅಂಕ ಹೇಗೆ ಕೊಡುವುದೆಂಬುದನ್ನು ಮಕ್ಕಳೇ ತೀರ್ಮಾನಿಸಲಿ.