ಕೋಟೇ ಬಡದಾಡಿದ್ರ ಜಾಕಿ ಯಾಕ ಬೇಕು?

ಸಿಂಧನೂರಿನಲ್ಲಿ ಗೆಳೆಯನೊಬ್ಬನ ಬಾಡಿಗೆ ಕೋಣೆಯಲ್ಲಿ ಏಳೆಂಟು ಮಂದಿ ಲ್ಯಾಪ್‌ಟಾಪ್ ಮುಂದೆ ಕೂತು ಜಾಕಿ ಚಾನ್‌ನ ‘ದಿ ಟಕ್ಸೀಡೋ’ ನೋಡುತ್ತಿದ್ದೆವು. ಸಿನಿಮಾ ಅರ್ಧ ದಾಟಿತ್ತು. ಅಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಡಿಗ್ರಿ ಓದುವ ಹುಡುಗ ಸುಮ್ಮನೆ ಮೊಬೈಲು ಕೈಗೆತ್ತಿಕೊಂಡ. ಯಾಕೋ ತಮ್ಮ, ಬೇಸರಾತೇನು ಅಂದೆ. ತಲೆ ಎತ್ತದೆಯೇ ಹೇಳಿದ: “ಅಲ್ಲಣ್ಣ, ಕೋಟೇ ಬಡದಾಡಿದ್ರ ಜಾಕಿ ಯಾಕ ಬೇಕು?”

ನಮ್ಮ ಕಡೆಯ ಪ್ರೇಕ್ಷಕರು ಸಿನಿಮಾ ಬಗ್ಗೆ ಹೇಗೆ ಮಾತಾಡುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲಿನ ಮೂರು ಊರು. ಈ ರಸ್ತೆಯ ಮೇಲೆ ಯಾರನ್ನು ಕೇಳಿದರೂ ಇಷ್ಟದ ನಟರ ಪಟ್ಟಿಯಲ್ಲಿ ರಾಜಕುಮಾರ್, ವಿಷ್ಣುವರ್ಧನ್, ಚಿರಂಜೀವಿ ಆದ ಮೇಲೆ ಜಾಕಿ ಚಾನ್ ಬಂದೇ ಬರುತ್ತಾನೆ. ಅವನ ಪಾತ್ರಗಳ ಹೆಸರು ಯಾರಿಗೂ ನೆನಪಿರುವುದಿಲ್ಲ. ಕಾಲೇಜಿನ ವಿಚಾರ ಸಂಕಿರಣವೊಂದರಲ್ಲಿ ನಾನು ಇದನ್ನು ಹೇಳಿದಾಗ, ಹಿರಿಯರೊಬ್ಬರು “ಜಾಕಿ ಚಾನ್ ಬಗ್ಗೆ ಅಭಿಪ್ರಾಯ ಕೇಳುವುದರಲ್ಲಿ ವಿಮರ್ಶೆ ಏನಿದೆ?” ಎಂದಿದ್ದರು. ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಅವನ ಅತ್ಯುತ್ತಮ ಚಿತ್ರವನ್ನು ಬಿಟ್ಟು, ಬಹುತೇಕ ವಿಮರ್ಶಕರು ತಳ್ಳಿಹಾಕಿದ ಒಂದನ್ನು ಆರಿಸಿಕೊಂಡೆ. ಒಳ್ಳೆಯ ಸಿನಿಮಾ ಮುಂದಿಟ್ಟರೆ ಯಾರೂ ಎರಡು ಒಳ್ಳೆಯ ಮಾತು ಆಡುತ್ತಾರೆ.

‘ದಿ ಟಕ್ಸೀಡೋ’ 2002ರದು. ಕೆವಿನ್ ಡೊನೊವನ್ ನಿರ್ದೇಶನ. ಜಿಮ್ಮಿ ಟಾಂಗ್ ಎಂಬ ಟ್ಯಾಕ್ಸಿ ಡ್ರೈವರ್ ಕ್ಲಾರ್ಕ್ ಡೆವ್ಲಿನ್ ಎಂಬ ಶ್ರೀಮಂತನ ಕಾರು ಓಡಿಸುವ ಕೆಲಸಕ್ಕೆ ಸೇರುತ್ತಾನೆ. ಮಾಲೀಕ ಗೂಢಚಾರ ಎಂಬುದು ಅವನಿಗೆ ಗೊತ್ತಿಲ್ಲ. ಸ್ಫೋಟವೊಂದರಲ್ಲಿ ಮಾಲೀಕ ಗಾಯಗೊಂಡಾಗ ಅವನ ಕಪ್ಪು ಸೂಟು ಡ್ರೈವರನ ಮೈಗೆ ಬರುತ್ತದೆ. ಆ ಸೂಟೇ ಒಂದು ಯಂತ್ರ. ಕೈಗಡಿಯಾರದಲ್ಲಿ ಆಜ್ಞೆ ಕೊಟ್ಟರೆ ಹಾಕಿಕೊಂಡವನನ್ನು ಹೊಡೆದಾಡಿಸುತ್ತದೆ, ಗೋಡೆ ಹತ್ತಿಸುತ್ತದೆ, ಕುಣಿಸುತ್ತದೆ. ಎದುರಿಗಿರುವ ಖಳನಾಯಕ ಬಾಟಲಿ ನೀರಿನ ಕಂಪನಿಯ ಒಡೆಯ. ಊರ ನೀರನ್ನೆಲ್ಲ ಕೆಡಿಸಿಬಿಟ್ಟರೆ ಜನ ತನ್ನ ಬಾಟಲಿಯನ್ನೇ ಕೊಳ್ಳಬೇಕಾಗುತ್ತದೆ ಎಂಬುದು ಅವನ ಲೆಕ್ಕ. ನೀರಿನ ಮೇಲೆ ಓಡಾಡುವ ಕೀಟಗಳ ಮೂಲಕ ಜಲಾಶಯಗಳಿಗೆ ರೋಗಾಣು ಬಿಡುವುದು ಅವನ ಹಂಚಿಕೆ.

ಸಿಂಧನೂರಿನ ಹುಡುಗನ ತಕರಾರು ಅಮೆರಿಕದ ವಿಮರ್ಶಕರದ್ದೂ ಆಗಿತ್ತು: ತಂತಿ, ಗ್ರಾಫಿಕ್ಸು, ಉಪಕರಣಗಳ ನಡುವೆ ಜಾಕಿಯ ಮೈಯೇ ಕಾಣೆಯಾಗಿದೆ ಎಂದು. ಆದರೆ ಹುಡುಗನ ಕಾರಣ ಬೇರೆ. ನಾನು ಕೆದಕಿದಾಗ ಅವನು ಹೇಳಿದ್ದು ಸಿನಿಮಾ ಮುಗಿದ ಮೇಲೆ ಬರುವ ತುಣುಕುಗಳ ಬಗ್ಗೆ. ಜಾಕಿಯ ಹಳೆಯ ಚಿತ್ರಗಳಲ್ಲಿ ಹೆಸರುಗಳು ಓಡುವಾಗ ಚಿತ್ರೀಕರಣದ ಎಡವಟ್ಟು ತೋರಿಸುತ್ತಾರಲ್ಲ, ಅದು. ಜಿಗಿತ ತಪ್ಪಿ ಬೀಳುವುದು, ರಕ್ತ ಸೋರುವುದು, ನಾಲ್ಕು ಜನ ಹೊತ್ತುಕೊಂಡು ಓಡುವುದು. “ಅದನ್ನ ನೋಡಾಕಂತ ಕೊನೀತನಕ ಕುಂದರ್ತಿದ್ವಿ. ಅಂವ ಖರೇ ಬಿದ್ದಾನ ಅಂತ ಗೊತ್ತಾಗ್ತಿತ್ತು. ಇದ್ರಾಗ ಮಾತು ತಪ್ಪಿ ನಗ್ತಾನ, ಅಷ್ಟ.” ಇದನ್ನು ಅಭಿಮಾನಿಯ ಮುಗ್ಧತೆ ಎಂದು ಬದಿಗಿಡುವಂತಿಲ್ಲ. 1983ರ ‘ಪ್ರಾಜೆಕ್ಟ್ ಎ’ದಲ್ಲಿ ಗಡಿಯಾರದ ಗೋಪುರದಿಂದ ಬಿದ್ದವನು, 1986ರ ‘ಆರ್ಮರ್ ಆಫ್ ಗಾಡ್’ ಚಿತ್ರೀಕರಣದಲ್ಲಿ ಮರದಿಂದ ಬಿದ್ದು ತಲೆಬುರುಡೆ ಒಡೆದುಕೊಂಡವನು ಜಾಕಿಯೇ. ನೋಡುವವನಿಗೂ ನಟನಿಗೂ ನಡುವೆ ಒಂದು ಕರಾರಿತ್ತು: ನೀನು ನಿಜವಾಗಿ ಬೀಳು, ನಾನು ನಿಜವಾಗಿ ನಗುತ್ತೇನೆ. ಸೂಟು ಆ ಕರಾರನ್ನು ಮುರಿಯಿತು. ‘ಟಕ್ಸೀಡೋ’ ಬರುವ ಹೊತ್ತಿಗೆ ಅವನಿಗೆ 48 ವರ್ಷ. ಆ ವಯಸ್ಸಿನವನು ಹಾಗೆ ಬೀಳುತ್ತಲೇ ಇರಬೇಕು ಎನ್ನುವುದು ಕ್ರೂರ ಎಂದು ನಾನೆಂದೆ. “ಹಂಗಾದ್ರ ಬೀಳಾದು ಬ್ಯಾಡ, ಬಿದ್ದಂಗ ಮಾಡಾದೂ ಬ್ಯಾಡ” ಎಂದ. ಇದಕ್ಕಿಂತ ಕರಾರುವಾಕ್ಕಾದ ಮಾತು ಈ ಚಿತ್ರದ ಬಗ್ಗೆ ನಾನು ಓದಿಲ್ಲ.

ಜಾಕಿಯ ಮೈ ತಯಾರಾದದ್ದು ಹಾಂಗ್‌ಕಾಂಗಿನ ಚೀನೀ ಗೀತನಾಟಕದ ಶಾಲೆಯೊಂದರಲ್ಲಿ. ಏಳು ವರ್ಷದ ಹುಡುಗನಾಗಿ ಸೇರಿ ಸುಮಾರು ಹತ್ತು ವರ್ಷ ಹಾಡು, ಕುಣಿತ, ಲಾಗ, ಕತ್ತಿವರಸೆ ಎಲ್ಲವನ್ನೂ ಪೆಟ್ಟು ತಿಂದು ಕಲಿತ. ಹೊಡೆದಾಟವೂ ಅವನಿಗೆ ತಾಳದಲ್ಲಿ ನಡೆಯುವ ಕುಣಿತವೇ. ದೊಡ್ಡಾಟ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿರೀಟ, ಭುಜಕೀರ್ತಿಯ ಭಾರ ಹೊತ್ತು ರಾತ್ರಿಯಿಡೀ ಹಲಗೆ ಅದುರುವಂತೆ ಕುಣಿಯುವ ಪಾತ್ರಧಾರಿಯನ್ನು ನೋಡಿದವರು, ವೇಷ ಮನುಷ್ಯನನ್ನು ಕುಣಿಸುವುದನ್ನು ಎಂದೂ ಕಂಡವರಲ್ಲ. ವೇಷದ ಭಾರ ಹೊತ್ತೂ ಕುಣಿಯುತ್ತಾನಲ್ಲ ಎಂಬುದೇ ಅಲ್ಲಿಯ ಬೆರಗು.

ಭಾಷೆಯ ಮಾತೂ ಇದೆ. ಕನ್ನಡ ಚಿತ್ರರಂಗ ಡಬ್ಬಿಂಗ್ ಬೇಡವೆಂದು 1960ರ ದಶಕದಿಂದ ಹಿಡಿದ ಪಟ್ಟು ಸಡಿಲವಾದದ್ದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ. ‘ಸತ್ಯದೇವ್ ಐಪಿಎಸ್’ ತೆರೆಗೆ ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ಈ ಭಾಗದ ಮಕ್ಕಳಿಗೆ ಜಾಕಿ ಸಿಕ್ಕಿದ್ದು ತೆಲುಗಿನಲ್ಲಿ, ಹಿಂದಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಬೆನ್ನಿಗೆ ಆಂಧ್ರದಿಂದ ಬಂದ ರೈತರು ಕಟ್ಟಿದ ಕ್ಯಾಂಪುಗಳಿರುವ ಸಿಂಧನೂರಿಗೆ ತೆಲುಗು ಹೊಸದಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ನಿರಾಶ್ರಿತರ ಕ್ಯಾಂಪುಗಳೂ ಇದೇ ತಾಲ್ಲೂಕಿನಲ್ಲಿವೆ. ನಮ್ಮ ಕೋಣೆಯಲ್ಲಿ ಕೂತವರಲ್ಲೇ ಮೂರು ಮನೆಮಾತಿನವರಿದ್ದರು. ಅವರೆಲ್ಲ ಜಾಕಿಯನ್ನು ನೋಡಿದ್ದು ಅರ್ಧ ತಿಳಿಯುವ ಭಾಷೆಯಲ್ಲಿ, ಆದರೂ ಪೂರ್ತಿ ತಿಳಿದಿತ್ತು. ‘ಟಕ್ಸೀಡೋ’ದಲ್ಲಿ ಸೂಟಿನ ಕೆಲಸವನ್ನೆಲ್ಲ ಮಾತಿನಲ್ಲಿ ವಿವರಿಸಬೇಕಾಗುತ್ತದೆ, ಅಲ್ಲಿ ಅವರು ಮೊದಲ ಬಾರಿಗೆ “ಏನಂದ?” ಎಂದು ಪಕ್ಕದವರನ್ನು ಕೇಳಿದರು. ಕೇಳದೇ ನಕ್ಕಿದ್ದು ಒಂದೇ ಕಡೆ. ಗಾಯಕ ಜೇಮ್ಸ್ ಬ್ರೌನ್‌ನನ್ನು ಜಿಮ್ಮಿ ಆಕಸ್ಮಿಕವಾಗಿ ಕೆಡವಿ, ಅವನ ಬದಲು ತಾನೇ ವೇದಿಕೆ ಹತ್ತುವ ದೃಶ್ಯದಲ್ಲಿ. ಜೇಮ್ಸ್ ಬ್ರೌನ್ ಯಾರೆಂದು ಕೋಣೆಯಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಮುಖ್ಯ ಗಾಯಕ ಕೈಕೊಟ್ಟಾಗ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಕನ್ನಡದಲ್ಲಿ ಹಳ್ಳಿಯ ಪ್ರೇಕ್ಷಕರ ಬಗ್ಗೆ ಮಾತು ಬಂದಾಗಲೆಲ್ಲ ನಾವು ಹೆಗ್ಗೋಡನ್ನು ನೆನೆಯುತ್ತೇವೆ. ಕೆ.ವಿ. ಸುಬ್ಬಣ್ಣ ಮತ್ತು ನೀನಾಸಂ ಅಲ್ಲಿ ಕುರೊಸಾವಾ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ಹಳ್ಳಿಯವರ ಮುಂದಿಟ್ಟದ್ದು ದೊಡ್ಡ ಕೆಲಸ. ಅದರ ಬಗ್ಗೆ ನನಗೆ ಗೌರವವಲ್ಲದೆ ಬೇರೇನಿಲ್ಲ. ಆದರೆ ಆಯ್ಕೆ ಮಾಡಿ ಕೊಟ್ಟದ್ದನ್ನು ನೋಡಿದ ಪ್ರೇಕ್ಷಕನ ಪ್ರತಿಕ್ರಿಯೆ ನಮ್ಮಲ್ಲಿ ಚರ್ಚೆಗೆ ಬಂದಿದೆ. ತಾನೇ ದುಡ್ಡು ಕೊಟ್ಟು, ಕೇಬಲ್ಲಿನಲ್ಲಿ ಹುಡುಕಿ ನೋಡಿದವನದು ಬಂದಿಲ್ಲ. ಅವನಿಗೆ ಇರುವುದು ಅಭಿರುಚಿಯಲ್ಲ, ಚಟ ಎಂದುಕೊಂಡಿದ್ದೇವೆ. ಇವನ ಮಾತನ್ನು ಬರೆದಿಡುವವರು ಯಾರು?

ಇಲ್ಲಿಯವರೆಗೆ ನನಗೆ ಸುಲಭವಿತ್ತು. ಹುಡುಗನ ಮಾತು ನನ್ನ ವಾದಕ್ಕೆ ಒದಗಿಬಂದಿತ್ತು. ತೊಡಕಾದದ್ದು ಲಿಂಗಸುಗೂರಿನಲ್ಲಿ.

ಅಲ್ಲಿ ಇದೇ ಸಿನಿಮಾ ನೋಡಿದವರಲ್ಲಿ ಬಾಡಿಗೆ ಕಾರು ಓಡಿಸುವ ನಡುವಯಸ್ಸಿನ ಒಬ್ಬರಿದ್ದರು. ಮುದಗಲ್ ಕಡೆಯವರು. ಮೊಹರಂ ಹೊತ್ತಿಗೆ ಊರಿಗೆ ಮರಳುವ ಜನರನ್ನು ಸಾಗಿಸಿಯೇ ಹೈರಾಣಾಗುತ್ತೇನೆ ಎನ್ನುತ್ತಿದ್ದರು. ಅವರಿಗೆ ಸಿನಿಮಾ ಬಹಳ ಹಿಡಿಸಿತು. ಸಿಂಧನೂರಿನ ಹುಡುಗನ ಮಾತು ಹೇಳಿದೆ. ಅವರು ತಲೆಯಾಡಿಸಿದರು. “ಆ ಹುಡುಗ ಡ್ರೈವರ್ಕಿ ಮಾಡಿಲ್ಲ ಬಿಡ್ರಿ.” ಚಿತ್ರದ ಮೊದಲಲ್ಲಿ ಡೆವ್ಲಿನ್ ಮನೆಯ ನಿಯಮ ಹೇಳುವಾಗ, ಆ ಸೂಟನ್ನು ಮಾತ್ರ ಮುಟ್ಟಬೇಡ ಎಂಬ ಮಾತು ಬರುತ್ತದೆ. ನನಗೆ ಅದು ಕಥೆಯ ಮಾಮೂಲಿ ಗಂಟಾಗಿ ಕಂಡಿತ್ತು. ಇವರು ಅಲ್ಲಿಯೇ ನಿಂತಿದ್ದರು. “ಗಾಡಿ ಮಾಲಕಂದು. ಗಾಡ್ಯಾಗಿನ ಹಾಡು ಮಾಲಕಂದು. ಮದುವಿ ಮನಿ ಮುಂದ ಬಿಟ್ಟು ನಾವು ಹೊರಗ ನಿಂತಿರ್ತೀವಿ. ಇಂವ ಮಾಲಕನ ಕೋಟು ಹಾಕ್ಕೊಂಡು ಒಳಗ ಹೋದ. ಹೊಡದಾಟ ಯಾರು ಮಾಡಿದ್ರೇನ್ರಿ, ಒಳಗ ಹೋದನಲ್ಲ!”

ಜಾಕಿಯ ಮೈ ಸೂಟಿನಲ್ಲಿ ಮರೆಯಾಯಿತು ಎಂದು ನಾನು ದೂರುತ್ತಿದ್ದೆ. ಮೈ ಮರೆಮಾಡಿದ್ದರಿಂದಲೇ ಅವನಿಗೆ ಬಾಗಿಲು ತೆರೆಯಿತು ಎಂದು ಇವರು ಸಂತೋಷಪಡುತ್ತಿದ್ದರು. ಯಾರು ಏನನ್ನು ಮುಟ್ಟಬಾರದು, ಯಾವ ಬಟ್ಟೆ ಹಾಕಬಾರದು ಎಂಬುದು ಇನ್ನೂ ಹಳೆಯ ಕಥೆಯಾಗದ ನಾಡಿನಲ್ಲಿ ಈ ಓದನ್ನು ತಮಾಷೆಯೆಂದು ದಾಟಲಾರೆ. ಕನ್ನಡದ ಗೂಢಚಾರನನ್ನೇ ನೆನಪಿಸಿಕೊಳ್ಳಿ. ದೊರೆ–ಭಗವಾನ್ 1968ರ ‘ಜೇಡರ ಬಲೆ’ಯಲ್ಲಿ ರಾಜಕುಮಾರ್‌ಗೆ ಸೂಟು ತೊಡಿಸಿ ಸಿಐಡಿ 999 ಮಾಡಿದರು; ಅದೇ ಸರಣಿ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ನಡೆಯಿತು. ಗುಬ್ಬಿ ಕಂಪನಿಯಿಂದ ಬಂದ, ಪುರಾಣದ ವೇಷಗಳಲ್ಲಿ ಜನ ಒಪ್ಪಿಕೊಂಡಿದ್ದ ನಟ ಏಕಾಏಕಿ ಕೋಟು, ಟೈಗಳಲ್ಲಿ ಗೋವಾಕ್ಕೆ ಹೋದಾಗ ಆದ ಖುಷಿಯಲ್ಲಿ ಕಥೆಯ ಪಾಲು ಎಷ್ಟು, ಆ ಬಟ್ಟೆಯಲ್ಲಿ ನಮ್ಮವನೊಬ್ಬ ಕಾಣಿಸಿಕೊಂಡದ್ದರ ಪಾಲು ಎಷ್ಟು? ಆದರೂ ಡ್ರೈವರ್ ಅಣ್ಣನ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಯಂತ್ರ ಕೈಕೊಟ್ಟರೆ ಜಿಮ್ಮಿ ಮತ್ತೆ ಹೊರಗೇ. ಅದನ್ನು ಹೇಳಿದಾಗ ಅವರು ನಕ್ಕು, ಗಾಡಿಯೂ ಕೈಕೊಡ್ತದ್ರಿ ಅಂದರು.

ವಾಪಸು ಬರುವಾಗ ಮಸ್ಕಿಯಲ್ಲಿ ಇಳಿದೆ. ದೊಡ್ಡವ್ವನ ಮನೆ ಅಲ್ಲಿದೆ. ಅವಳು ಕಡಲೆ ಹಸನು ಮಾಡುತ್ತ, ನಡುನಡುವೆ ಎದ್ದು ಹೋಗುತ್ತ ಸಿನಿಮಾ ನೋಡಿದಳು. ಜಾಕಿಯ ಬಗ್ಗೆ ಕೇಳಿದರೆ “ಚೊಲೊ ಅದಾನ ಹುಡುಗ” ಎಂದಳಷ್ಟೇ. ಮತ್ತೆ ಅವಳು ಮಾತಾಡಿದ್ದೆಲ್ಲ ನೀರಿನ ಬಗ್ಗೆ. ನಾನು ಟಿಪ್ಪಣಿ ಪುಸ್ತಕದಲ್ಲಿ ‘ಚಿತ್ರದ ಬಗ್ಗೆ ನಿರ್ದಿಷ್ಟ ಅಭಿಪ್ರಾಯವಿಲ್ಲ’ ಎಂದು ಬರೆದುಕೊಂಡೆ.

ಆ ಸಾಲನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ಚಿತ್ರ ಶುರುವಾಗುವುದೇ ಬೆಟ್ಟದ ತೊರೆಯಲ್ಲಿ ಜಿಂಕೆಯೊಂದು ಉಚ್ಚೆ ಹೊಯ್ಯುವುದರಿಂದ. ಆ ನೀರೇ ಹರಿದು ಬಾಟಲಿ ತುಂಬುವ ಕಾರ್ಖಾನೆ ಸೇರುತ್ತದೆ. ಸಿಂಧನೂರಿನ ಕೋಣೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ದೊಡ್ಡವ್ವ ನಗಲಿಲ್ಲ. “ಕಾಲುವ್ಯಾಗ ಎಮ್ಮಿ ಮೈ ತೊಳೀತಾರ, ಅದನ್ನ ಕೆರಿಗೆ ಬಿಟ್ಕೊಂಡು ನಾವು ಕುಡಿಯಾಂಗಿಲ್ಲೇನು?” ಎಂದಳು. ನೀರು ಕೆಡಿಸಿ ನೀರು ಮಾರುವ ಖಳನಾಯಕನ ಕಥೆಯನ್ನು ಹೊರಗಿನ ವಿಮರ್ಶಕರು ಬಾಲಿಶ ಎಂದು ಲೇವಡಿ ಮಾಡಿದ್ದರು, ನಾನೂ ಹಾಗೆಯೇ ಅಂದುಕೊಂಡಿದ್ದೆ. ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಕೆಲವು ಕಡೆ ಆರ್ಸೆನಿಕ್ ಕೂಡ. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನಲ್ಲಿನೀರು ಕುಡಿದು ಜನ ಸತ್ತರು. ಮಸ್ಕಿ ಸುತ್ತಿನ ರೈತರು 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾದಾಗ ಇಡೀ ಸೀಮೆ ನಿದ್ದೆ ಮಾಡಲಿಲ್ಲ. ದೊಡ್ಡವ್ವನ ಮನೆಯ ಮೂಲೆಯಲ್ಲಿ 20 ಲೀಟರಿನ ಫಿಲ್ಟರ್ ನೀರಿನ ಕ್ಯಾನು ಇದೆ. ಅವಳು ಹುಡುಗಿಯಾಗಿದ್ದಾಗ ನೀರನ್ನು ದುಡ್ಡು ಕೊಟ್ಟು ತರುವುದು ಯಾರ ಕಲ್ಪನೆಯಲ್ಲೂ ಇರಲಿಲ್ಲ. ಅವಳ ಪಾಲಿಗೆ ಈ ಚಿತ್ರದಲ್ಲಿ ನಂಬಲಾಗದ್ದು ಸೂಟು ಮಾತ್ರ.

ಹಾಗೆಂದು ‘ಟಕ್ಸೀಡೋ’ ನೀರಿನ ಬಗ್ಗೆ ಗಂಭೀರವಾಗಿ ಯೋಚಿಸಿದ ಚಿತ್ರವೆಂದು ನಾನು ಹೇಳಹೊರಟಿಲ್ಲ. ಅದಕ್ಕೆ ನೀರು ಒಂದು ನೆಪ. ಕೊನೆಗೆ ಖಳನಾಯಕನೂ ಅಂಥದ್ದೇ ಸೂಟು ತೊಟ್ಟು ಬರುತ್ತಾನೆ, ಎರಡು ಕೋಟುಗಳು ಬಡಿದಾಡಿಕೊಳ್ಳುತ್ತವೆ, ಅವನು ಸತ್ತ ಮೇಲೆ ಕಥೆ ಪ್ರೇಮದ ಕಡೆ ಹೊರಳುತ್ತದೆ. ದೊಡ್ಡವ್ವ ಕಡಲೆ ಮೊರ ಕೆಳಗಿಟ್ಟು ಕೇಳಿದಳು: “ಆ ನೀರಿನ ಕಂಪನಿ ಮುಚ್ಚಿದ್ರೇನು?”

ಟಿಪ್ಪಣಿ ಪುಸ್ತಕದಲ್ಲಿ ಹಳೆಯ ಸಾಲು ಹೊಡೆದು ಹಾಕಿ ಈ ಪ್ರಶ್ನೆಯನ್ನು ಬರೆದುಕೊಂಡಿದ್ದೇನೆ. ಆ ಕೊನೆಯ ಭಾಗವನ್ನು ಮತ್ತೆರಡು ಸಲ ಓಡಿಸಿ ನೋಡಿದೆ, ಉತ್ತರ ಸಿಗಲಿಲ್ಲ.